ಟೈಂಟೇಬಲ್ ಮೂರು ದಿನವೂ ಉಳಿಯುವುದಿಲ್ಲ, ಏನು ಮಾಡಲಿ?

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿಯವಳು. ದ್ವಿತೀಯ ಪಿಯುಸಿ ಸೈನ್ಸ್ ಓದುತ್ತಿದ್ದೇನೆ, ಪಿಸಿಎಂಬಿ ತೆಗೆದುಕೊಂಡಿದ್ದೇನೆ. ಕಾಲೇಜು ಜಮಖಂಡಿಯಲ್ಲಿದೆ, ಬೆಳಿಗ್ಗೆ 10ರಿಂದ ಸಂಜೆ 4:30ರವರೆಗೆ; ನಿತ್ಯ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಬೆಳಿಗ್ಗೆ ಟ್ಯೂಷನ್ ಇರುತ್ತದೆ. ಮನೆಯಲ್ಲಿ ಮಗ್ಗಗಳಿವೆ, ಮುಂಜಾನೆ 7ರಿಂದ ರಾತ್ರಿ 9ರವರೆಗೆ ಸದ್ದು ನಿಲ್ಲುವುದಿಲ್ಲ. ಸಂಜೆ ಒಂದೂವರೆ ತಾಸು ಕಂಡಿಕೆ (ಮಗ್ಗಕ್ಕೆ ಹಾಕುವ ನೂಲಿನ ಸಣ್ಣ ಕೊಳವೆ) ಸುತ್ತುವುದು ನನ್ನ ಕೆಲಸ, ಆ ಹೊತ್ತು ನಷ್ಟವೇ. ಜೂನ್‌ನಿಂದ ಈ ಆಗಸ್ಟ್‌ವರೆಗೆ ನಾಲ್ಕು ಟೈಂಟೇಬಲ್ ಹಾಕಿದೆ, ಒಂದೂ ಮೂರು ದಿನ ದಾಟಲಿಲ್ಲ. ಓದಿದ್ದೂ ವಾರದಲ್ಲಿ ಮರೆತುಹೋಗುತ್ತದೆ. ಸಿಇಟಿ, ನೀಟ್ ಎರಡನ್ನೂ ಬರೆಯಬೇಕು. ಬೆಳಗಿನ 4ಕ್ಕೆ ಏಳದಿದ್ದರೆ ಸೈನ್ಸ್ ಕೈಗೆ ಹತ್ತುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನಿಜವೇ? ಕೊನೆಯ ಟೈಂಟೇಬಲ್‌ನ ಪ್ರತಿಯನ್ನು ಜೊತೆಗಿಟ್ಟಿದ್ದೇನೆ.

ಉತ್ತರ: ತಂಗಿ, ನಿನ್ನ ಟೈಂಟೇಬಲ್ ನೋಡಿದೆ. ಗೆರೆಗಳು ನೇರವಾಗಿವೆ, ಅಕ್ಷರ ಮುದ್ದಾಗಿದೆ. ಬೆಳಗಿನ 4ರಿಂದ 7ರವರೆಗೆ ಭೌತಶಾಸ್ತ್ರ ಮತ್ತು ಗಣಿತ. ಬಸ್ಸಿನ ಎರಡು ತಾಸಿನ ಎದುರಿಗೆ ರಸಾಯನಶಾಸ್ತ್ರ. ರಾತ್ರಿ 8ರಿಂದ 11ರವರೆಗೆ ಜೀವಶಾಸ್ತ್ರ ಮತ್ತು ರಿವಿಜನ್. ಒಟ್ಟು ದಿನಕ್ಕೆ ಎಂಟು ತಾಸು ಓದು, ಐದು ತಾಸು ನಿದ್ದೆ.

ಮೂವತ್ತೊಂದು ವರ್ಷ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸಿದವನು ನಾನು. ಅದರಲ್ಲಿ ಬಹುಪಾಲು ಪ್ರಯೋಗಾಲಯದಲ್ಲೇ ಕಳೆಯಿತು. ಪೀನ ಮಸೂರದ ನಾಭಿದೂರ ಕಂಡುಹಿಡಿಯುವ ಪ್ರಯೋಗ ಗೊತ್ತಲ್ಲ? ಪರದೆಯನ್ನು ಹಿಂದೆ ಮುಂದೆ ಸರಿಸಿ, ಬಿಂಬ ಎಲ್ಲಿ ಚೂಪಾಗುತ್ತದೋ ಅಲ್ಲಿ ನಿಲ್ಲಿಸಿ ದೂರ ಬರೆದುಕೊಳ್ಳಬೇಕು. ಅವಸರದಲ್ಲಿರುವ ಹುಡುಗರು ಪರದೆಯನ್ನು ಮುಟ್ಟುವುದೇ ಇಲ್ಲ. ಉತ್ತರ 20 ಸೆಂಟಿಮೀಟರ್ ಎಂದು ಪಕ್ಕದವನಿಂದ ತಿಳಿದುಕೊಂಡು ಟೇಬಲನ್ನು ಹಿಂದಿನಿಂದ ತುಂಬುತ್ತಾರೆ. ಆರು ಸಾಲಿನಲ್ಲೂ 20.0, 20.0, 20.0. ಅಂಥ ರೆಕಾರ್ಡ್ ಪುಸ್ತಕ ತೆರೆದ ಕೂಡಲೇ ನನಗೆ ತಿಳಿಯುತ್ತಿತ್ತು. ನಿಜವಾಗಿ ಅಳೆದವರ ಟೇಬಲ್‌ನಲ್ಲಿ 19.6 ಇರುತ್ತದೆ, 20.3 ಇರುತ್ತದೆ, ಒಂದು ಕಡೆ ಹೊಡೆದು ಬರೆದ ಗುರುತೂ ಇರುತ್ತದೆ.

ನಿನ್ನ ನಾಲ್ಕೂ ಟೈಂಟೇಬಲ್‌ಗಳು ರೀಡಿಂಗ್ ತೆಗೆಯದೆ ತುಂಬಿದ ಟೇಬಲ್‌ಗಳು. ಅವು ಮುರಿದುಬಿದ್ದದ್ದಕ್ಕೆ ನಿನ್ನ ಸೋಮಾರಿತನ ಕಾರಣವಲ್ಲ. ಒಂದೂವರೆ ತಾಸು ಕಂಡಿಕೆ ಸುತ್ತಿ, ಎರಡು ತಾಸು ಬಸ್ಸಿನಲ್ಲಿ ನಿಂತು ಓದುವ ಹುಡುಗಿಯನ್ನು ಸೋಮಾರಿ ಎನ್ನಲು ಯಾರಿಗೂ ಬಾಯಿ ಬರಬಾರದು. ನಿನ್ನ ಸಮಯ ಎಷ್ಟಿದೆ ಎಂದು ಅಳೆಯದೆ ನೀನು ಅದನ್ನು ಹಂಚಿದೆ; ತಪ್ಪಾದದ್ದು ಅಲ್ಲಿ.

ಹಾಗಾದರೆ ಅಳೆಯೋಣ. ವಾರಕ್ಕೆ 168 ತಾಸು. ದಿನಕ್ಕೆ 8ರಂತೆ ನಿದ್ದೆಗೆ 56. ಕಾಲೇಜು ಬೆಳಿಗ್ಗೆ 10ರಿಂದ ಸಂಜೆ 4:30ರವರೆಗೆ ಎಂದು ಬರೆದಿದ್ದೀಯ, ಆರು ದಿನಕ್ಕೆ 39. ನಿಲ್ದಾಣದಲ್ಲಿ ಕಾಯುವುದೂ ಸೇರಿ ಬಸ್ಸಿಗೆ 12. ಟ್ಯೂಷನ್ ಒಂದೂವರೆ ತಾಸಿನಂತೆ 9. ಕಂಡಿಕೆ ಏಳು ದಿನವೂ ಇರುವುದರಿಂದ ಹತ್ತೂವರೆ. ಸ್ನಾನ, ಊಟ, ಮನೆಯ ಸಣ್ಣಪುಟ್ಟ ಕೆಲಸಕ್ಕೆ ದಿನಕ್ಕೆ ಎರಡು ತಾಸು ಹಿಡಿದರೆ 14. ಕೂಡಿಸಿದರೆ 140 ತಾಸು 30 ನಿಮಿಷ. ಉಳಿಯುವುದು 27 ತಾಸು 30 ನಿಮಿಷ. ಸೋಮವಾರದಿಂದ ಶನಿವಾರದವರೆಗೆ ದಿನಕ್ಕೆ ಎರಡೂವರೆ ತಾಸು, ಭಾನುವಾರ ಹನ್ನೆರಡೂವರೆ.

ನೀನು ಬರೆದಿಟ್ಟದ್ದು ವಾರಕ್ಕೆ 56 ತಾಸು. ನಿನ್ನ ಕೈಯಲ್ಲಿರುವುದರ ಎರಡು ಪಟ್ಟು. ಸೇರಿನಷ್ಟು ಜೋಳವನ್ನು ಅರ್ಧ ಸೇರಿನ ಪಾತ್ರೆಗೆ ಸುರಿದರೆ ಅದು ಚೆಲ್ಲುವುದು ಪಾತ್ರೆಯ ತಪ್ಪಲ್ಲ.

ಇದು ನನ್ನ ಅಂದಾಜು. ನಿನ್ನದನ್ನು ನೀನೇ ಅಳೆಯಬೇಕು. ಇನ್ನು ಏಳು ದಿನ ಯಾವ ಟೈಂಟೇಬಲ್ಲೂ ಬೇಡ. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಪ್ರತಿ ಹದಿನೈದು ನಿಮಿಷಕ್ಕೆ ಒಂದು ಗೆರೆಯಂತೆ ಏನು ಮಾಡಿದೆಯೋ ಅದನ್ನಷ್ಟೇ ಬರೆ. ಮೊಬೈಲ್ ನೋಡಿದ್ದರೆ ಮೊಬೈಲ್ ಎಂದು ಬರೆ, ಅಮ್ಮನ ಜೊತೆ ರೊಟ್ಟಿ ಬಡಿದಿದ್ದರೆ ಹಾಗೆಂದೇ ಬರೆ. ನಾಚಿಕೆಪಟ್ಟು ತಿದ್ದಬೇಡ, ತಿದ್ದಿದ ರೀಡಿಂಗ್‌ನಿಂದ ಯಾವ ಉತ್ತರವೂ ಬರುವುದಿಲ್ಲ. ಇದರ ಜೊತೆಗೆ ಇನ್ನೊಂದನ್ನೂ ಅಳೆ. ಓದಲು ಕೂರುವ ಮೊದಲು ಈ ಕೆಲಸಕ್ಕೆ ಎಷ್ಟು ಹೊತ್ತು ಬೇಕು ಎಂದು ಊಹಿಸಿ ಬರೆ. ಮುಗಿದ ಮೇಲೆ ನಿಜಕ್ಕೂ ಎಷ್ಟು ಹಿಡಿಯಿತು ಎಂದು ಪಕ್ಕದಲ್ಲಿ ಬರೆ. ಎರಡರ ನಡುವಿನ ಅಂತರ ನೋಡಿ ಬೆಚ್ಚಿಬೀಳಬೇಡ. 1994ರಲ್ಲಿ ಮನೋವಿಜ್ಞಾನಿ ರೋಜರ್ ಬ್ಯೂಲರ್ ಮತ್ತು ಸಂಗಡಿಗರು ಕೆನಡಾದ ಪದವಿ ವಿದ್ಯಾರ್ಥಿಗಳಿಗೆ ತಮ್ಮ ಪ್ರಬಂಧ ಎಷ್ಟು ದಿನದಲ್ಲಿ ಮುಗಿಯುತ್ತದೆ ಎಂದು ಕೇಳಿದ್ದರು. ಅವರ ಊಹೆಯ ಸರಾಸರಿ 33.9 ದಿನ, ಮುಗಿಸಲು ಹಿಡಿದದ್ದು 55.5 ದಿನ. ಎಲ್ಲರೂ ಹಾಗೆಯೇ ಊಹಿಸುತ್ತೇವೆ. ನಿನ್ನ ಅಂತರ ಎಷ್ಟೆಂದು ಗೊತ್ತಾದರೆ ಮುಂದಿನ ಊಹೆಗೆ ಅಷ್ಟನ್ನು ಸೇರಿಸಿಕೊಳ್ಳಬಹುದು.

ಅಳತೆ ಮುಗಿದ ಮೇಲೆ ಟೈಂಟೇಬಲ್ ಹಾಕು, ಆದರೆ ದಿನದ ಲೆಕ್ಕದಲ್ಲಿ ಬೇಡ, ವಾರದ ಲೆಕ್ಕದಲ್ಲಿ ಹಾಕು. ಇದನ್ನು ನನಗೆ ಕಲಿಸಿದವನು ಮುಧೋಳ ಕಡೆಯ ಒಬ್ಬ ವಿದ್ಯಾರ್ಥಿ. ಅವರದು ಕಬ್ಬಿನ ಹೊಲ. ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟ್ ಒಂದು ವಾರ ಹಗಲು ಬಂದರೆ ಇನ್ನೊಂದು ವಾರ ನಡುರಾತ್ರಿ ಬರುತ್ತಿತ್ತು. ರಾತ್ರಿ 2ಕ್ಕೆ ಮೋಟಾರ್ ಹಚ್ಚಿ ನೀರು ತಿರುವಿ ಬಂದ ಹುಡುಗನಿಗೆ ಬೆಳಿಗ್ಗೆ 5ರಿಂದ 7 ಭೌತಶಾಸ್ತ್ರ ಎಂಬ ಗೆರೆ ಏನು ಉಪಯೋಗ? ಒಂದು ದಿನ ತಪ್ಪಿದರೆ ಇಡೀ ಟೈಂಟೇಬಲ್ ಕೆಟ್ಟಿತು ಎಂದು ಅವನು ಕೈಚೆಲ್ಲುತ್ತಿದ್ದ. ಕೊನೆಗೆ ಅವನೇ ಹಾಳೆಯ ಮೇಲೆ ದಿನಗಳನ್ನು ಬರೆಯುವುದನ್ನು ಬಿಟ್ಟ. ಈ ವಾರ ಭೌತಶಾಸ್ತ್ರದ ಹದಿನೈದು ಪ್ರಾಬ್ಲಂ, ಎರಡು ಡೆರಿವೇಷನ್, ರಸಾಯನಶಾಸ್ತ್ರದ ಇಷ್ಟು ಪುಟ ಎಂದು ಬರೆದು, ಮುಗಿದಂತೆಲ್ಲ ಹೊಡೆದುಹಾಕುತ್ತ ಹೋದ. ಅವನ ದಿನಗಳು ಏರುಪೇರಾಗುತ್ತಿದ್ದವು, ವಾರ ಮಾತ್ರ ತಪ್ಪುತ್ತಿರಲಿಲ್ಲ. ಗಮನಿಸು, ಅವನು ತಾಸುಗಳನ್ನು ಬರೆಯಲಿಲ್ಲ, ಕೆಲಸವನ್ನು ಬರೆದ. ಭೌತಶಾಸ್ತ್ರ ಎರಡು ತಾಸು ಎಂದು ಬರೆದರೆ ಪುಸ್ತಕದ ಮುಂದೆ ಕೂತಿದ್ದರೂ ಎರಡು ತಾಸು ಮುಗಿಯುತ್ತದೆ.

ನಿನ್ನ ಇಪ್ಪತ್ತೇಳೂವರೆಯಲ್ಲಿ ಐದೂವರೆ ತಾಸನ್ನು ಯಾವುದಕ್ಕೂ ಕೊಡದೆ ಖಾಲಿ ಇಡು. ಜ್ವರ ಬರುತ್ತದೆ, ಬಸ್ ತಪ್ಪುತ್ತದೆ, ನೆಂಟರು ಬರುತ್ತಾರೆ. ಪೂರ್ವಸಿದ್ಧತಾ ಪರೀಕ್ಷೆಯ ಹೊತ್ತಿಗೇ ಎಳ್ಳಮಾವಾಸ್ಯೆ, ಸಂಕ್ರಾಂತಿ, ಬನಶಂಕರಿ ಜಾತ್ರೆ ಒಂದರ ಹಿಂದೊಂದು ಬರುತ್ತವೆ. ಎಳ್ಳಮಾವಾಸ್ಯೆಗೆ ಚರಗ (ಭೂಮಿತಾಯಿಗೆ ನೈವೇದ್ಯ) ಚೆಲ್ಲಲು ಹೊಲಕ್ಕೆ ಹೋಗಬೇಡ ಎಂದು ನಾನು ಯಾವ ಮಗುವಿಗೂ ಹೇಳಿದವನಲ್ಲ. ಹೋಗು, ಆದರೆ ಆ ದಿನವನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿ ಹೋಗು. ಉಳಿದ 22 ತಾಸು ನಿನ್ನ ನಿಜವಾದ ಬಂಡವಾಳ.

ಅದಕ್ಕೆ ಎದುರಾಗಿ ಕೆಲಸ ಎಷ್ಟಿದೆ? ಭೌತಶಾಸ್ತ್ರದಲ್ಲಿ 14 ಅಧ್ಯಾಯ, ರಸಾಯನಶಾಸ್ತ್ರದಲ್ಲಿ 10, ಗಣಿತ ಮತ್ತು ಜೀವಶಾಸ್ತ್ರದಲ್ಲಿ 13ರಂತೆ, ಒಟ್ಟು 50. ಜನವರಿ ಕೊನೆಯವರೆಗೆ ಹತ್ತಿರ ಹತ್ತಿರ 25 ವಾರಗಳಿವೆ. ವಾರಕ್ಕೆ ಎರಡು ಅಧ್ಯಾಯ, ಒಂದಕ್ಕೆ ಹನ್ನೊಂದು ತಾಸು. ಈ ಲೆಕ್ಕ ಮಾಡಿದಾಗ ನನಗೇ ಸಮಾಧಾನವಾಯಿತು. ಕಾಲೇಜಿನಲ್ಲಿ ಪಾಠ ಕೇಳಿ ಬಂದ ಅಧ್ಯಾಯಕ್ಕೆ ಹನ್ನೊಂದು ತಾಸು ಕಡಿಮೆಯಲ್ಲ. ಪ್ರಥಮ ಪಿಯುಸಿಯ ಪಾಠಗಳನ್ನು ಹಿಂತಿರುಗಿ ನೋಡಲೂ ಅದರಲ್ಲೇ ಸ್ವಲ್ಪ ಉಳಿಸಿಕೊಳ್ಳಬೇಕು. ಕನ್ನಡ, ಇಂಗ್ಲಿಷ್‌ಗೆ ತಿಂಗಳಿಗೆ ಒಂದು ಭಾನುವಾರದ ಮಧ್ಯಾಹ್ನ ಕೊಡು. 600ರಲ್ಲಿ 200 ಅಂಕ ಅವೆರಡರವೇ.

ಆದರೆ ಆ ಹನ್ನೊಂದು ತಾಸು ಹೇಗೆ ಕಳೆಯುತ್ತದೆ ಎಂಬುದು ಎಷ್ಟು ತಾಸು ಎಂಬುದಕ್ಕಿಂತ ದೊಡ್ಡ ಮಾತು. ಓದಿದ್ದು ವಾರದಲ್ಲಿ ಮರೆಯುತ್ತದೆ ಎಂದಿದ್ದೀಯ. ನೀನು ಹೇಗೆ ಓದುತ್ತೀಯ ಎಂದು ಬರೆದಿಲ್ಲ, ಆದರೂ ಊಹಿಸಬಲ್ಲೆ: ನೋಟ್ಸ್ ತೆರೆದು, ಗೆರೆ ಎಳೆಯುತ್ತ, ಎರಡು ಮೂರು ಸಲ ಓದುವುದು. ನನ್ನ ಬಹುತೇಕ ವಿದ್ಯಾರ್ಥಿಗಳು ಹಾಗೆಯೇ ಓದುತ್ತಿದ್ದರು. ಮೂರನೇ ಸಲ ಓದುವಾಗ ಎಲ್ಲವೂ ಪರಿಚಿತ ಅನ್ನಿಸುತ್ತದೆ. ಆ ಪರಿಚಯವನ್ನೇ ನಾವು ತಿಳಿವಳಿಕೆ ಎಂದು ನಂಬುತ್ತೇವೆ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಇದನ್ನು ಪರೀಕ್ಷಿಸಿದರು. ಕೆಲವು ವಿದ್ಯಾರ್ಥಿಗಳು ಒಂದು ಪಠ್ಯವನ್ನು ಮತ್ತೆ ಮತ್ತೆ ಓದಿದರು. ಇನ್ನು ಕೆಲವರು ಓದಿ, ಮುಚ್ಚಿಟ್ಟು, ನೆನಪಾದಷ್ಟನ್ನು ಬರೆದರು. ಐದು ನಿಮಿಷದ ನಂತರ ಪರೀಕ್ಷೆ ಮಾಡಿದಾಗ ಮತ್ತೆ ಮತ್ತೆ ಓದಿದವರು ಮುಂದಿದ್ದರು. ವಾರದ ನಂತರ ಮಾಡಿದಾಗ ಮುಚ್ಚಿಟ್ಟು ಬರೆದವರು ಬಹಳ ಮುಂದಿದ್ದರು. ನಿನ್ನ ಪರೀಕ್ಷೆ ಐದು ನಿಮಿಷದ ನಂತರ ಇಲ್ಲ, ಮಾರ್ಚ್‌ನಲ್ಲಿದೆ.

ಮಸೂರದ ಎರಡು ಮೇಲ್ಮೈಗಳಿಂದ ಅದರ ನಾಭಿದೂರ ಹೇಳುವ ಲೆನ್ಸ್ ಮೇಕರ್ ಸೂತ್ರದ ಡೆರಿವೇಷನ್ ತೆಗೆದುಕೊ. ಒಂದು ಸಲ ನಿಧಾನವಾಗಿ ಓದು, ಚಿತ್ರ ನೋಡು, ಪುಸ್ತಕ ಮುಚ್ಚು. ಖಾಲಿ ಹಾಳೆಯಲ್ಲಿ ಚಿತ್ರದಿಂದ ಶುರುಮಾಡಿ ಬರೆ. ಮೊದಲ ಮೇಲ್ಮೈಯವರೆಗೆ ಕೈ ಸಲೀಸಾಗಿ ಓಡುತ್ತದೆ. ಎರಡನೇ ಮೇಲ್ಮೈಗೆ ಬಂದಾಗ ನಿಲ್ಲುತ್ತದೆ. ನೂರಕ್ಕೆ ತೊಂಬತ್ತು ಮಕ್ಕಳ ಕೈ ಅಲ್ಲೇ ನಿಂತದ್ದನ್ನು ನಾನು ನೋಡಿದ್ದೇನೆ. ಮೊದಲ ಮೇಲ್ಮೈ ಕೊಟ್ಟ ಬಿಂಬವೇ ಎರಡನೆಯದಕ್ಕೆ ವಸ್ತುವಾಗುತ್ತದೆ, ಬೆಳಕು ಈಗ ಗಾಜಿನಿಂದ ಗಾಳಿಗೆ ಹೋಗುವುದರಿಂದ ವಕ್ರೀಭವನ ಸೂಚ್ಯಂಕಗಳ ಸ್ಥಾನ ಅದಲುಬದಲಾಗುತ್ತದೆ. ಓದುವಾಗ ಆ ಸಾಲು ಕಣ್ಣಿನ ಕೆಳಗೆ ಸದ್ದಿಲ್ಲದೆ ಜಾರಿಹೋಗಿತ್ತು. ಬರೆಯುವಾಗ ಅದು ಎಡವಿಸುತ್ತದೆ. ಹಾಗೆ ಎಡವಿದ ಜಾಗದಲ್ಲಿ ಐದು ನಿಮಿಷ ತಲೆ ಕೆರೆದುಕೊಂಡು, ಆಮೇಲೆ ಪುಸ್ತಕ ತೆರೆದು ನೋಡಿದ್ದನ್ನು ನೀನು ಬೇಗ ಮರೆಯುವುದಿಲ್ಲ. ಇಡೀ ಕೆಲಸಕ್ಕೆ ನಲವತ್ತು ನಿಮಿಷ. ನಾಳೆ ಮತ್ತೆ ಬರೆದರೆ ಹದಿನೈದು, ನಾಲ್ಕು ದಿನ ಬಿಟ್ಟು ಬರೆದರೆ ಹತ್ತು, ಎರಡು ವಾರ ಬಿಟ್ಟು ಇನ್ನೊಮ್ಮೆ ಹತ್ತು. ಬಿಟ್ಟು ಬಿಟ್ಟು ಮಾಡುವುದರಲ್ಲಿಯೇ ಇದರ ಶಕ್ತಿ ಇದೆ. ಒಂದೇ ಕೂರಿಕೆಯಲ್ಲಿ ಉರು ಹಾಕುವುದಕ್ಕಿಂತ ಅಂತರ ಬಿಟ್ಟು ಕಲಿತದ್ದು ಹೆಚ್ಚು ಉಳಿಯುತ್ತದೆ ಎಂಬುದನ್ನು ಜರ್ಮನಿಯ ಎಬಿಂಗ್‌ಹೌಸ್ 1885ರಷ್ಟು ಹಿಂದೆಯೇ ತನ್ನ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ್ದ.

ಇನ್ನು ಗಣಿತ. ಪುಸ್ತಕದಲ್ಲಿ ಒಂದು ಅಭ್ಯಾಸದ ತುಂಬ ಒಂದೇ ಬಗೆಯ ಲೆಕ್ಕಗಳಿರುತ್ತವೆ. ಇಪ್ಪತ್ತು ಲೆಕ್ಕಗಳನ್ನು ಒಂದೇ ಓಟದಲ್ಲಿ ಮಾಡಿದಾಗ ಕೈ ಪಳಗಿತು ಅನ್ನಿಸುತ್ತದೆ. ಆದರೆ ಪರೀಕ್ಷೆಯಲ್ಲಿ ಪ್ರಶ್ನೆಯ ತಲೆಯ ಮೇಲೆ ವಿಧಾನದ ಹೆಸರು ಬರೆದಿರುವುದಿಲ್ಲ. ಎಕ್ಸ್ ಗುಣಿಸು ಇ ಘಾತ ಎಕ್ಸ್, ಎಕ್ಸ್ ಗುಣಿಸು ಇ ಘಾತ ಎಕ್ಸ್ ವರ್ಗ. ಎರಡರ ಅನುಕಲನ ಕೇಳಿದರೆ ಕಣ್ಣಿಗೆ ಅಕ್ಕತಂಗಿಯರಂತೆ ಕಾಣುತ್ತವೆ. ಮೊದಲನೆಯದಕ್ಕೆ ಭಾಗಶಃ ಅನುಕಲನ ಬೇಕು, ಎರಡನೆಯದು ಆದೇಶ ವಿಧಾನದಲ್ಲಿ ಎರಡೇ ಸಾಲಿಗೆ ಮುಗಿಯುತ್ತದೆ. ಯಾವುದಕ್ಕೆ ಯಾವುದು ಎಂದು ಗುರುತಿಸುವುದೇ ಅರ್ಧ ಗಣಿತ. ಅದಕ್ಕೇ ಬಗೆ ಬಗೆಯ ಲೆಕ್ಕಗಳನ್ನು ಚೀಟಿಯಲ್ಲಿ ಬರೆದು, ಕಲಸಿ, ಒಂದೊಂದಾಗಿ ಎತ್ತಿ ಬಿಡಿಸು. ಮೊದಲ ವಾರ ತಪ್ಪುಗಳು ಹೆಚ್ಚಾಗುತ್ತವೆ, ಹೆದರಿ ಬಿಡಬೇಡ.

ಯಾವ ಹೊತ್ತಿಗೆ ಯಾವುದನ್ನು ಮಾಡಬೇಕು? ಇದನ್ನು ನಿಮ್ಮ ಮಗ್ಗ ಹೇಳುತ್ತದೆ. ಮುಂಜಾನೆ 7ಕ್ಕೆ ಶುರುವಾದ ಸದ್ದು ರಾತ್ರಿ 9ರವರೆಗೆ ನಿಲ್ಲುವುದಿಲ್ಲ ಎಂದಿದ್ದೀಯ. ನಾನೂ ಮಗ್ಗದ ಸದ್ದಿನಲ್ಲೇ ಬೆಳೆದವನು; ಆ ಸದ್ದಿಗೆ ಕಿವಿ ಒಗ್ಗುತ್ತದೆ, ಹೊಸ ವಿಷಯವನ್ನು ಅರ್ಥಮಾಡಿಕೊಳ್ಳುವ ಬುದ್ಧಿ ಒಗ್ಗುವುದಿಲ್ಲ. ಹೀಗಾಗಿ 5:45ರಿಂದ 6:45ರವರೆಗಿನ ನಿಶ್ಶಬ್ದ ತಾಸನ್ನು ನಿನಗೆ ಅತ್ಯಂತ ಕಷ್ಟವಾದದ್ದಕ್ಕೆ ಮೀಸಲಿಡು: ಒಂದು ದಿನ ಭೌತಶಾಸ್ತ್ರದ ಪ್ರಾಬ್ಲಂ, ಒಂದು ದಿನ ಗಣಿತ. ಆ ತಾಸಿನಲ್ಲಿ ನೋಟ್ಸ್ ನಕಲು ಮಾಡುವುದು, ರೆಕಾರ್ಡ್ ಬರೆಯುವುದು, ಚಿತ್ರಕ್ಕೆ ಬಣ್ಣ ತುಂಬುವುದು ಕೂಡದು. ಅವೆಲ್ಲ ಸದ್ದಿನಲ್ಲೂ ಆಗುತ್ತವೆ. ಸಂಜೆಯ ಒಂದೂವರೆ ತಾಸು ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಹಳೆಯದನ್ನು ಮುಚ್ಚಿಟ್ಟು ಬರೆಯುವುದಕ್ಕೆ ಇರಲಿ. ಏಪ್ರಿಲ್, ಮೇ ತಿಂಗಳಲ್ಲಿ ಪ್ರವೇಶ ಪರೀಕ್ಷೆಗಳ ಹೊತ್ತಿಗೆ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗಲೂ ಮಧ್ಯಾಹ್ನವನ್ನು ಬಿಟ್ಟು ಬೆಳಗನ್ನೇ ನಂಬಬೇಕು.

ಇಪ್ಪತ್ತೈದು ನಿಮಿಷ ಓದು, ಐದು ನಿಮಿಷ ಬಿಡುವು ಎಂಬ ಪೊಮೊಡೊರೊ ವಿಧಾನದ ಬಗ್ಗೆ ಈಗ ಎಲ್ಲರೂ ಹೇಳುತ್ತಾರೆ. ಓದಲು ಕೂರುವುದಕ್ಕೇ ಮನಸ್ಸು ಬಾರದ ದಿನ ಅದು ಒಳ್ಳೆಯ ಊರುಗೋಲು. ಆದರೆ ಪ್ರಾಬ್ಲಂನ ನಡುವೆ ಗಂಟೆ ಬಾರಿಸಿತೆಂದು ಪೆನ್ನು ಕೆಳಗಿಡಬೇಡ. ಭೌತಶಾಸ್ತ್ರಕ್ಕೂ ಗಣಿತಕ್ಕೂ ಐವತ್ತು ನಿಮಿಷದ ಕೂರಿಕೆಯೇ ಸರಿ ಎಂಬುದು ನನ್ನ ಅನುಭವ.

ಕಂಡಿಕೆಯ ಹೊತ್ತನ್ನು ನೀನು ನಷ್ಟ ಎಂದು ಬರೆದಿದ್ದೀಯ. ನನಗೆ ಹಾಗೆ ಕಾಣುವುದಿಲ್ಲ. ಕೈ ನೂಲಿನ ಮೇಲಿರುತ್ತದೆ, ಎಳೆ ಹರಿದಾಗ ಗಂಟು ಹಾಕುತ್ತದೆ, ತಲೆ ಬಿಡುವಾಗಿರುತ್ತದೆ. ಬೆಳಿಗ್ಗೆ ಓದಿದ್ದನ್ನು ಮನಸ್ಸಿನಲ್ಲೇ ಕೇಳಿಕೊ. ಯಾವ ಆಲ್ಡಿಹೈಡ್ ಆಲ್ಡಾಲ್ ಕ್ರಿಯೆ ಕೊಡುತ್ತದೆ, ಯಾವುದು ಕ್ಯಾನಿಝಾರೋ ಕ್ರಿಯೆಗೆ ಹೋಗುತ್ತದೆ? ಆಲ್ಫಾ ಹೈಡ್ರೋಜನ್ ಇದೆಯೇ ಎಂದು ನೋಡಬೇಕು; ಇದ್ದರೆ ಆಲ್ಡಾಲ್, ಇಲ್ಲದಿದ್ದರೆ ಕ್ಯಾನಿಝಾರೋ. ಅಸಿಟಾಲ್ಡಿಹೈಡ್‌ನಲ್ಲಿ ಇದೆ, ಫಾರ್ಮಾಲ್ಡಿಹೈಡ್, ಬೆಂಝಾಲ್ಡಿಹೈಡ್‌ನಲ್ಲಿ ಇಲ್ಲ. ಉತ್ತರ ಹೊಳೆಯದಿದ್ದರೆ ಪಕ್ಕದ ಹಾಳೆಯಲ್ಲಿ ಗುರುತು ಹಾಕಿಡು, ರಾತ್ರಿ ನೋಡು. ಇಪ್ಪತ್ತು ನಿಮಿಷ ಹೀಗೆ ಮಾಡಿದರೆ ಸಾಕು, ಉಳಿದ ಹೊತ್ತು ಅಮ್ಮನ ಜೊತೆ ಮಾತಾಡು. ಬಸ್ಸಿನಲ್ಲಿ ಹೋಗುವಾಗಲೂ ಇಷ್ಟೇ, ಕಿಸೆಯಲ್ಲಿ ಒಂದು ಪ್ರಶ್ನೆ ಚೀಟಿ ಇರಲಿ. ನಿಂತುಕೊಂಡು ದಪ್ಪ ಪುಸ್ತಕ ಓದುವುದು ಆಗದ ಮಾತು. ಮರಳಿ ಬರುವಾಗ ಏನೂ ಓದಬೇಡ, ಕಿಟಕಿ ಸಿಕ್ಕರೆ ಹೊರಗೆ ನೋಡು.

ಮೊಬೈಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಓದುವ ತಾಸಿನಲ್ಲಿ ಅದು ಅಪ್ಪನ ಹತ್ತಿರ ಇರಲಿ. ವಿಡಿಯೊ ಪಾಠ ನೋಡಿದ್ದನ್ನು ಓದಿನ ಲೆಕ್ಕಕ್ಕೆ ಸೇರಿಸಬೇಡ. ನೋಡಿದ ಮೇಲೆ ಮುಚ್ಚಿಟ್ಟು ಬರೆದದ್ದನ್ನು ಸೇರಿಸು.

ಖಾಲಿ ಇಟ್ಟ ಐದೂವರೆ ತಾಸನ್ನು ಭಾನುವಾರದಿಂದಲೇ ಕಳೆದರೆ ಅಂದು ಏಳು ತಾಸು ಉಳಿಯುತ್ತದೆ; ಅದರಲ್ಲಿ ಒಂದು ಭಾಗವನ್ನು ಗಡಿಯಾರ ಇಟ್ಟುಕೊಂಡು ಪ್ರಶ್ನೆಪತ್ರಿಕೆ ಬಿಡಿಸಲು ಕೊಡು. ಸಿಇಟಿಯಲ್ಲಿ ಒಂದು ವಿಷಯಕ್ಕೆ 80 ನಿಮಿಷದಲ್ಲಿ 60 ಪ್ರಶ್ನೆ, ಒಂದಕ್ಕೆ 80 ಸೆಕೆಂಡ್. ತಪ್ಪಿದರೆ ಅಂಕ ಕಳೆಯುವುದಿಲ್ಲ. 2025ರಿಂದ ನೀಟ್‌ನಲ್ಲಿ 180 ನಿಮಿಷಕ್ಕೆ 180 ಪ್ರಶ್ನೆ, ಅದರಲ್ಲಿ 90 ಜೀವಶಾಸ್ತ್ರದವು. ತಪ್ಪಿಗೆ ಒಂದು ಅಂಕ ಹೋಗುತ್ತದೆ. ಒಂದರಲ್ಲಿ ಯಾವ ಪ್ರಶ್ನೆಯನ್ನೂ ಬಿಡಬಾರದು, ಇನ್ನೊಂದರಲ್ಲಿ ಬಿಡುವುದನ್ನು ಕಲಿಯಬೇಕು. ಈ ಎರಡು ಅಭ್ಯಾಸಗಳನ್ನು ಒಂದೇ ಭಾನುವಾರ ಮಾಡಿದರೆ ಗೊಂದಲವಾಗುತ್ತದೆ, ವಾರ ಬಿಟ್ಟು ವಾರ ಮಾಡು. ಪತ್ರಿಕೆ ಬಿಡಿಸಿದಷ್ಟೇ ಹೊತ್ತನ್ನು ತಪ್ಪು ನೋಡಲು ಇಡು. ಮೂಲ ಪಠ್ಯ ಬೋರ್ಡ್ ಪರೀಕ್ಷೆಗೂ ಇವೆರಡಕ್ಕೂ ಬಹುಮಟ್ಟಿಗೆ ಒಂದೇ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಎಂಬುದನ್ನು ನೆನಪಿಡು. ಬೋರ್ಡ್ ಪರೀಕ್ಷೆಯನ್ನು ಹಗುರವಾಗಿ ತೆಗೆದುಕೊಂಡು ಸೀಟು ಕಳೆದುಕೊಂಡ ಜಾಣ ಮಕ್ಕಳನ್ನು ನೋಡಿ ನನಗೆ ಬಹಳ ಸಂಕಟವಾಗಿದೆ.

ಕೊನೆಯದಾಗಿ, ಬೆಳಗಿನ 4ರ ಪ್ರಶ್ನೆ. ರಾತ್ರಿ 8ಕ್ಕೆ ಮಲಗುವವರು 4ಕ್ಕೆ ಏಳಲಿ. 11ಕ್ಕೆ ಮಲಗಿ 4ಕ್ಕೆ ಏಳುವುದು ನಿನ್ನ ವಯಸ್ಸಿಗೆ ಸಲ್ಲದು. ಹದಿಹರೆಯದವರಿಗೆ 8ರಿಂದ 10 ತಾಸು ನಿದ್ದೆ ಬೇಕೆಂದು ನಿದ್ರಾ ವೈದ್ಯರು ಹೇಳುತ್ತಾರೆ. 1924ರಲ್ಲಿಯೇ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಎಂಬ ಇಬ್ಬರು ಅಮೆರಿಕದ ಸಂಶೋಧಕರು ಕಂಡುಕೊಂಡ ಸಂಗತಿ ಇದು: ಕಲಿತು ಮಲಗಿದವರು, ಕಲಿತು ಅಷ್ಟೇ ಹೊತ್ತು ಎಚ್ಚರವಿದ್ದವರಿಗಿಂತ ಕಡಿಮೆ ಮರೆತರು. ನೀನು ಮಲಗಿದಾಗಲೂ ಲೆನ್ಸ್ ಮೇಕರ್ ಸೂತ್ರದ ಕೆಲಸ ಒಳಗೆ ನಡೆದಿರುತ್ತದೆ. ರಾತ್ರಿ 9ಕ್ಕೆ ಮಗ್ಗ ನಿಲ್ಲುತ್ತದೆಯಲ್ಲ, ಆಮೇಲೆ ಅರ್ಧ ತಾಸಿನಲ್ಲಿ ಓದು ಮುಗಿಸಿ ದೀಪ ಆರಿಸು, 5:30ಕ್ಕೆ ಏಳು. ಏಳು ದಿನದ ಗೆರೆಗಳನ್ನು ಬರೆದ ಮೇಲೆ ಆ ನೋಟ್‌ಬುಕ್ಕಿನ ಹಾಳೆಗಳನ್ನು ನನಗೆ ಕಳುಹಿಸು, ಹೊಡೆದು ಬರೆದ ಗುರುತುಗಳ ಸಮೇತ. ಮುಂದಿನ ಟೈಂಟೇಬಲನ್ನು ಆ ಹಾಳೆಗಳನ್ನು ಮುಂದಿಟ್ಟುಕೊಂಡೇ ಹಾಕೋಣ.